ರೂನ್ ಅಕ್ಷರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಯಾವುದು ಹಳೆಯದು, ಯಾವುದು ನಿನ್ನೆ ಮೊನ್ನೆಯದು

ಸ್ಟಾಕ್‌ಹೋಮ್‌ಗೆ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಆನ್‌ಲೈನ್‌ನಲ್ಲಿ ಭವಿಷ್ಯ ನೋಡುವ ಒಂದು ರೂನ್ ಚೀಲ ತರಿಸಿದ್ದೆ. ವೆಲ್ವೆಟ್ ಚೀಲ, ಒಳಗೆ ನುಣ್ಣನೆಯ ಕಲ್ಲುಗಳು, ಜೊತೆಗೆ ನಾಲ್ಕು ಮಡಿಕೆಯ ಒಂದು ಚೀಟಿ. 'ವೈಕಿಂಗರ ಗುಪ್ತ ವಿದ್ಯೆ' ಅಂತ ಅದರ ಮೇಲೆ ಬರೆದಿತ್ತು. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದೆ ಹಡಗೇರಿ ದೂರದೂರ ಹೋಗುತ್ತಿದ್ದ ಉತ್ತರ ಯುರೋಪಿನವರು. ಎಣಿಸಿ ನೋಡಿದೆ. ಅಕ್ಷರ 24, ಕಲ್ಲು 25. ಒಂದು ಕಲ್ಲಿನ ಮೇಲೆ ಏನೂ ಇಲ್ಲ. ಪ್ಯಾಕ್ ಮಾಡುವವರು ಕೆತ್ತೋದು ಮರೆತಿರಬೇಕು ಅಂದುಕೊಂಡೆ. ಚೀಟಿ ಓದಿದರೆ, ಇಲ್ಲ, ಅದು ಬೇಕೆಂದೇ ಖಾಲಿ ಬಿಟ್ಟಿದ್ದು, 'ವಿಧಿಯ ರೂನ್' ಅಂತೆ.

ಆ ಖಾಲಿ ಕಲ್ಲಿನ ಹಿಂದೆ ಬಿದ್ದು ಓದುತ್ತಾ ಹೋಗಿ ಈಗ ಕೆಲವು ವರ್ಷಗಳಾಗಿವೆ. ಊರಿಂದ ಬರುವ ನೆಂಟರು, ಗೆಳೆಯರು, ಟ್ಯಾಟೂ ಹಾಕಿಸಿಕೊಳ್ಳಲು ಹೊರಟ ಚಿಕ್ಕಪ್ಪನ ಮಗಳು, ಎಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ವಿವರಿಸುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ರೂನ್ ಅಂದರೆ ಏನು? ಅಕ್ಷರವೋ, ಮಂತ್ರದ ಗುರುತೋ?

ಅಕ್ಷರ. ಅಷ್ಟೇ. ಉತ್ತರ ಯುರೋಪಿನ ಜನ, ಅಂದರೆ ಈಗಿನ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಜರ್ಮನಿ, ಇಂಗ್ಲೆಂಡ್ ಕಡೆಯವರು, ತಮ್ಮ ಮಾತನ್ನು ಬರೆಯಲು ಇಟ್ಟುಕೊಂಡಿದ್ದ ಲಿಪಿ. ನಮ್ಮ 'ಅಆಇಈ' ಥರ ಇದಕ್ಕೂ ಸಾಲಿನ ಮೊದಲ ಅಕ್ಷರಗಳಿಂದಲೇ ಹೆಸರು ಬಂದಿದೆ: ಫ, ಉ, ಥ, ಅ, ರ, ಕ. ಸೇರಿಸಿದರೆ 'ಫುಥಾರ್ಕ್'. ಹಳೆಯ ಫುಥಾರ್ಕ್‌ನಲ್ಲಿ 24 ಅಕ್ಷರ. ವೈಕಿಂಗರ ಕಾಲದ ಹೊಸ ಫುಥಾರ್ಕ್‌ನಲ್ಲಿ 16. ಇಂಗ್ಲೆಂಡಿನವರು ಉಲ್ಟಾ ಮಾಡಿದರು, 24ಕ್ಕೆ ಇನ್ನಷ್ಟು ಸೇರಿಸಿಕೊಂಡು 28, ಆಮೇಲೆ 30 ದಾಟಿಸಿದರು.

'ರೂನ್' ಎಂಬ ಪದಕ್ಕೆ ಹಳೆಯ ಭಾಷೆಗಳಲ್ಲಿ ಗುಟ್ಟು, ಪಿಸುಮಾತು ಅನ್ನುವ ಅರ್ಥ ಇರೋದು ನಿಜ. ಗಾಥಿಕ್ ಎಂಬ ಹಳೆಯ ಭಾಷೆಯ ಬೈಬಲ್‌ನಲ್ಲಿ 'ರಹಸ್ಯ' ಅನ್ನಬೇಕಾದ ಕಡೆ 'ರೂನಾ' ಅಂತಲೇ ಇದೆ. ಅರ್ಧ ಗೊಂದಲ ಶುರುವಾಗೋದೇ ಇಲ್ಲಿಂದ. ಓದು ಬಾರದವರ ನಡುವೆ ಬರಹ ಅನ್ನೋದೇ ಒಂದು ಗುಟ್ಟಿನ ಥರ ಕಾಣುತ್ತದೆ, ಅಲ್ವಾ?

ವೈಕಿಂಗರು ಕಂಡುಹಿಡಿದದ್ದು ತಾನೇ?

ಅಲ್ಲ. ವೈಕಿಂಗರ ಕಾಲ ಅಂದರೆ ಸುಮಾರು 8ನೇ ಶತಮಾನದ ಕೊನೆಯಿಂದ 11ನೇ ಶತಮಾನ. ರೂನ್ ಅದಕ್ಕಿಂತ ಆರು ನೂರು ವರ್ಷವಾದರೂ ಹಳೆಯದು. ಡೆನ್ಮಾರ್ಕಿನ ಫ್ಯೂನ್ ದ್ವೀಪದ ವೀಮೋಸ ಎಂಬ ಜೌಗಿನಲ್ಲಿ ಜಿಂಕೆ ಕೊಂಬಿನ ಒಂದು ಬಾಚಣಿಗೆ ಸಿಕ್ಕಿದೆ. ಕಾಲ ಸುಮಾರು ಕ್ರಿ.ಶ. 160. ಅದರ ಮೇಲೆ 'ಹರ್ಯ' ಅಂತ ಐದು ರೂನ್. ಬಹುಶಃ ಯಾರದೋ ಹೆಸರು. ಬಹಳ ದಿನ ಅತಿ ಹಳೆಯ ರೂನ್ ಬರಹ ಅಂದರೆ ಇದನ್ನೇ ತೋರಿಸುತ್ತಿದ್ದರು. ಆಮೇಲೆ ನಾರ್ವೆಯ ಓಸ್ಲೋ ಹತ್ತಿರದ ಒಂದು ಸಮಾಧಿಯಲ್ಲಿ 2021ರಲ್ಲಿ ಒಂದು ಮರಳುಗಲ್ಲು ಸಿಕ್ಕಿತು. ಸ್ವಿಂಗೆರುಡ್ ಕಲ್ಲು ಅಂತ ಅದರ ಹೆಸರು, ಸುದ್ದಿ ಹೊರಬಿದ್ದದ್ದು 2023ರ ಜನವರಿಯಲ್ಲಿ. ಅದು 1,800ರಿಂದ 2,000 ವರ್ಷ ಹಳೆಯದು. ಅದರ ಮೇಲೆ 'ಇದಿಬೆರುಗ್' ಅಂತ ಏನೋ ಒಂದು ಪದ, ಸುತ್ತ ಮಗು ಗೀಚಿದ ಹಾಗೆ ಗೆರೆಗಳು. ಜೊತೆಗೆ ಫ, ಉ, ಥ ಅಂತ ಸಾಲಿನ ಮೊದಲ ಮೂರು ಅಕ್ಷರ. ಯಾರೋ ಅಕ್ಷರ ತಿದ್ದುತ್ತಿದ್ದರು ಅಂತ ಅನಿಸುತ್ತದೆ ನನಗೆ.

ಬಾಚಣಿಗೆ ಮೇಲೊಂದು ಹೆಸರು, ಕಲ್ಲಿನ ಮೇಲೆ ತಿದ್ದಿದ ಅಕ್ಷರ. ಶುರುವಾದದ್ದೇ ಹೀಗೆ.

ರೂನ್ ಸಂಸ್ಕೃತದಿಂದ, ಬ್ರಾಹ್ಮಿಯಿಂದ ಬಂದದ್ದಂತೆ, ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಜವಾ?

ಇಲ್ಲ. ಆದರೆ ಈ ಪ್ರಶ್ನೆಯ ಒಳಗೆ ಒಂದು ಒಳ್ಳೆಯ ವಿಷಯ ಅಡಗಿದೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ.

ಅಕ್ಷರದ ಆಕಾರಗಳು ಬಂದದ್ದು ಮೆಡಿಟರೇನಿಯನ್ ಕಡೆಯಿಂದ. ರೋಮನ್ ಅಕ್ಷರವೋ, ಆಲ್ಪ್ಸ್ ಬೆಟ್ಟದ ಕಡೆಯ ಹಳೆಯ ಇಟಾಲಿಕ್ ಲಿಪಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ರೂನಿನ ರ, ಬ, ಇ ನೋಡಿದರೆ ಇಂಗ್ಲಿಷ್ ಅಕ್ಷರ ಬಲ್ಲ ಯಾರಾದರೂ ಗುರುತು ಹಿಡಿಯುತ್ತಾರೆ.

ಭಾಷೆಯ ಕಥೆ ಬೇರೆ. ರೂನ್ ಬರೆದವರ ಭಾಷೆಗೂ ಸಂಸ್ಕೃತಕ್ಕೂ ದೂರದ ನೆಂಟಸ್ತಿಕೆ ಇದೆ. ಹಳೆಯ ಸಾಲಿನ ಮೊದಲ ರೂನ್ 'ಫೆಹು'. ದನ, ಸಂಪತ್ತು ಅಂತ ಅರ್ಥ. ಅದೂ ನಮ್ಮ 'ಪಶು'ವೂ ಒಂದೇ ಬೇರಿನ ಪದ. 'ಎಹ್ವಾಜ್' ಅಂದರೆ ಕುದುರೆ, ಅದು 'ಅಶ್ವ'ದ ನೆಂಟ. 'ತೀವಾಜ್' ಒಬ್ಬ ದೇವರ ಹೆಸರು, 'ದೇವ' ಪದದ ನೆಂಟ. ಮೊದಲ ಸಲ ಇದನ್ನು ಓದಿದಾಗ ನನಗೆ ಮೈ ಜುಮ್ ಎಂದಿತ್ತು. ಆದರೆ ನೆಂಟರು ಅಂದರೆ ಮಕ್ಕಳು ಅಂತ ಅರ್ಥ ಅಲ್ಲ. ಇಬ್ಬರಿಗೂ ಒಬ್ಬ ಮುತ್ತಜ್ಜಿ, ಅಷ್ಟೇ.

ಓಡಿನ್ ದೇವರು ಮರಕ್ಕೆ ನೇತುಹಾಕಿಕೊಂಡು ರೂನ್ ಪಡೆದ ಅನ್ನುತ್ತಾರಲ್ಲ, ಅದೂ ಈಚಿನ ಕಥೆಯಾ?

ಅಲ್ಲ, ಅದು ಹಳೆಯದೇ. 'ಹಾವಮಾಲ್' ಎಂಬ ಹಳೆಯ ಹಾಡಿನಲ್ಲಿ ಓಡಿನ್ ತಾನೇ ಹೇಳಿಕೊಳ್ಳುತ್ತಾನೆ: ಗಾಳಿಗೆ ತೂಗುವ ಮರದಲ್ಲಿ ಒಂಬತ್ತು ರಾತ್ರಿ ನೇತಾಡಿದೆ, ಈಟಿಯಿಂದ ಗಾಯವಾಗಿತ್ತು, ನನ್ನನ್ನು ನನಗೇ ಬಲಿ ಕೊಟ್ಟುಕೊಂಡೆ, ಕೂಗುತ್ತಾ ರೂನ್‌ಗಳನ್ನು ಎತ್ತಿಕೊಂಡೆ, ಕೆಳಗೆ ಬಿದ್ದೆ. ಹಾಡು ಉಳಿದಿರುವುದು ಐಸ್‌ಲ್ಯಾಂಡಿನಲ್ಲಿ ಸುಮಾರು 1270ರಲ್ಲಿ ಬರೆದ ಒಂದು ಹಸ್ತಪ್ರತಿಯಲ್ಲಿ. ಹಾಡು ಅದಕ್ಕಿಂತ ಹಳೆಯದು ಅನ್ನುತ್ತಾರೆ.

ಇದು ಪುರಾಣ. ಪುರಾಣವಾಗಿ ನಿಜವಾದದ್ದು, ಆ ಜನರದ್ದೇ. ನಾನು ಜಗಳಕ್ಕೆ ನಿಲ್ಲೋದು ಇಂಥವುಗಳ ಜೊತೆ ಅಲ್ಲ. ನೂರು ವರ್ಷ, ನಲವತ್ತು ವರ್ಷ ಹಿಂದೆ ಯಾರೋ ಕುಳಿತು ಕಟ್ಟಿದ್ದನ್ನು 'ಪುರಾತನ' ಅಂತ ಮಾರುತ್ತಾರಲ್ಲ, ಅದರ ಜೊತೆ. ಯಾರಾದರೂ ಏನಾದರೂ ಹೇಳಿದರೆ ನಾನು ಮೊದಲು ಕೇಳೋದು ಒಂದೇ: ಈ ಕಥೆಗೆ ವಯಸ್ಸೆಷ್ಟು?

ಅಷ್ಟೊಂದು ರೂನ್ ಕಲ್ಲುಗಳ ಮೇಲೆ ಏನು ಬರೆದಿದೆ?

ನಮ್ಮೂರ ಕಡೆ ವೀರಗಲ್ಲು ಇರುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. 'ಇಂಥವನು ಇಂಥವನ ನೆನಪಿಗೆ ಈ ಕಲ್ಲು ನಿಲ್ಲಿಸಿದ.' ಬಹುಪಾಲು ಇದೇ. ಸತ್ತವನು ತಂದೆಯೋ, ಮಗನೋ, ವ್ಯಾಪಾರದ ಪಾಲುದಾರನೋ ಆಗಿರುತ್ತಾನೆ. ಇಂಥ ಕಲ್ಲುಗಳು ಜಾಸ್ತಿ ಇರುವುದು ಸ್ವೀಡನ್ನಿನಲ್ಲಿ, ಅದರಲ್ಲೂ ಸ್ಟಾಕ್‌ಹೋಮ್ ಮತ್ತು ಉಪ್ಸಾಲಾ ಸುತ್ತಲಿನ ಉಪ್‌ಲಾಂಡ್ ಸೀಮೆಯಲ್ಲಿ. ಅಲ್ಲೊಂದರಲ್ಲೇ ಸಾವಿರಕ್ಕೂ ಹೆಚ್ಚು. ಹೆಚ್ಚಿನವು 11ನೇ ಶತಮಾನದವು. ಇದನ್ನು ಕೇಳಿ ಜನ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಹೇಳಬೇಕು: ಅವುಗಳಲ್ಲಿ ಬಹಳಷ್ಟು ಕ್ರೈಸ್ತರದ್ದು. ಮೇಲೆ ಶಿಲುಬೆ, ಕೊನೆಗೆ 'ದೇವರು ಅವನ ಆತ್ಮವನ್ನು ಕಾಪಾಡಲಿ'.

ಸ್ಟಾಕ್‌ಹೋಮ್ ಹಳೇ ಪೇಟೆಯಲ್ಲಿ ಪ್ರೆಸ್ಟ್‌ಗಾಟನ್ ಅಂತ ಒಂದು ಕಿರಿದಾದ ಬೀದಿ ಇದೆ. ಅದು ಇನ್ನೊಂದು ಓಣಿಯನ್ನು ಸೇರುವ ಮೂಲೆಯ ಗೋಡೆಯಲ್ಲಿ, ಸೊಂಟದ ಎತ್ತರಕ್ಕಿಂತ ಕೆಳಗೆ, ಒಂದು ರೂನ್ ಕಲ್ಲಿನ ತುಂಡು ಕೂತಿದೆ. ಮನೆ ಕಟ್ಟುವಾಗ ಯಾರೋ ಸಿಕ್ಕಿದ ಕಲ್ಲನ್ನು ಸುಮ್ನೆ ಗೋಡೆಗೆ ಇಟ್ಟುಬಿಟ್ಟಿದ್ದಾರೆ. ಗಾಡಿ ಚಕ್ರ ತಾಗದಿರಲಿ ಅಂತ ಮೂಲೆಗೆ ಒಂದು ಹಳೆಯ ತೋಪಿನ ನಳಿಕೆ ನೆಟ್ಟಿದ್ದಾರೆ. ಹಾವಿನ ಮೈಯ ಹಾಗೆ ಬಳುಕುವ ಪಟ್ಟಿಯೊಳಗೆ ಅಕ್ಷರಗಳು. ತೋರ್‌ಸ್ಟೆನ್ ಮತ್ತು ಫ್ರೆಗುನ್ ಎಂಬ ಗಂಡ ಹೆಂಡತಿ ತಮ್ಮ ಮಗನ ನೆನಪಿಗೆ ಹಾಕಿಸಿದ ಕಲ್ಲು. ಮಗನ ಹೆಸರು ಇದ್ದ ಭಾಗ ಉಳಿದಿಲ್ಲ. ಊರಿಂದ ಬಂದವರನ್ನೆಲ್ಲ ನಾನು ಮೊದಲು ಕರೆದುಕೊಂಡು ಹೋಗೋದು ಅಲ್ಲಿಗೇ. ಎರಡು ನಿಮಿಷ ನಿಂತು, ಅಮ್ಮ ಒಮ್ಮೆ, 'ಪಾಪ, ಮಗನ ಹೆಸರೇ ಹೋಯ್ತಲ್ಲೋ' ಅಂದಿದ್ದರು.

ಎಲ್ಲವೂ ಇಷ್ಟು ದುಃಖದ್ದಲ್ಲ. ತೇಬಿ ಊರಿನ ಯಾರ್ಲಬಂಕೆ ಎಂಬ ದೊಡ್ಡ ಮನುಷ್ಯ ಬದುಕಿರುವಾಗಲೇ ತನಗೆ ತಾನೇ ಕಲ್ಲು ನಿಲ್ಲಿಸಿಕೊಂಡ. 'ತನ್ನ ಆತ್ಮಕ್ಕಾಗಿ ಈ ಸೇತುವೆ ಮಾಡಿಸಿದ, ಇಡೀ ತೇಬಿ ಅವನೊಬ್ಬನದೇ' ಅಂತ ಬರೆಸಿದ. ಒಂದಲ್ಲ, ಹಲವು ಕಲ್ಲು. ನಮ್ಮ ಸರ್ಕಲ್‌ಗಳಲ್ಲಿ ಕಟೌಟ್ ನಿಲ್ಲಿಸುವವರು ಇವನನ್ನು ನೋಡಿದ್ದರೆ ಕೈ ಮುಗಿಯುತ್ತಿದ್ದರು.

ಹೆಂಗಸರೂ ಇದ್ದಾರೆ. ನಾರ್ವೆಯ ದಿನ್ನಾ ಕಲ್ಲಿನಲ್ಲಿ ಗುನ್ವೊರ್ ಎಂಬ ತಾಯಿ ಮಗಳು ಆಸ್ಟ್ರಿಡ್ ನೆನಪಿಗೆ ಸೇತುವೆ ಕಟ್ಟಿಸಿ, 'ಹಾದೆಲಾಂಡಿನಲ್ಲೇ ಕೈಚಳಕದ ಹುಡುಗಿ' ಅಂತ ಬರೆಸಿದ್ದಾಳೆ. ಸ್ವೀಡನ್ನಿನ ಹಸ್‌ಮಿರಾ ಕಲ್ಲಿನಲ್ಲಿ ಗಂಡ ಬರೆಸಿರೋದು: ಈ ಜಮೀನನ್ನು ನೋಡಿಕೊಳ್ಳಲು ಇವಳಿಗಿಂತ ಒಳ್ಳೆಯ ಗೃಹಿಣಿ ಇನ್ನು ಬರಲಾರಳು.

ಕಲ್ಲು ಹಾಕಿಸುವವರು ಸಾಹುಕಾರರು. ಸಾಮಾನ್ಯ ಜನಕ್ಕೆ ರೂನ್ ಬರುತ್ತಿರಲಿಲ್ಲವೇನೋ?

ನನ್ನ ಇಷ್ಟದ ಪ್ರಶ್ನೆ ಇದು.

1955ರಲ್ಲಿ ನಾರ್ವೆಯ ಬರ್ಗನ್ ಊರಿನ ಬ್ರಿಗ್ಗನ್ ಎಂಬ ಹಳೆಯ ಬಂದರು ಕೇರಿಗೆ ಬೆಂಕಿ ಬಿತ್ತು. ಸುಟ್ಟ ಜಾಗ ಅಗೆಯುತ್ತಾ ಹೋದರೆ ಕೆಸರಿನಲ್ಲಿ ಚೆಕ್ಕೆ ಚೆಕ್ಕೆಯಾಗಿ ಮರದ ಕಡ್ಡಿಗಳು. ಮೇಲೆಲ್ಲ ರೂನ್. ಸುಮಾರು 670 ಬರಹ ಸಿಕ್ಕಿವೆ. ವೈಕಿಂಗರ ಕಾಲ ಮುಗಿದ ಎಷ್ಟೋ ಕಾಲದ ಮೇಲಿನವು, ಕೆಲವು 14ನೇ ಶತಮಾನದವು. ಆಗ ಚರ್ಚಿನವರು ಲ್ಯಾಟಿನ್ ಅಕ್ಷರದಲ್ಲಿ ಚರ್ಮದ ಹಾಳೆ ಮೇಲೆ ಬರೆಯುತ್ತಿದ್ದರು. ಚರ್ಮಕ್ಕೆ ದುಡ್ಡು ಬೇಕು. ಕಡ್ಡಿ ಬಿಟ್ಟಿ, ಚಾಕು ಎಲ್ಲರ ಸೊಂಟದಲ್ಲೂ ಇರುತ್ತಿತ್ತು.

ಏನು ಬರೆದಿದ್ದರು ಅಂತೀರಾ? ಮೂಟೆಗೆ ಕಟ್ಟುವ ಚೀಟಿಗಳು, ಈ ಸರಕು ಇಂಥವನದು ಅಂತ. ವ್ಯಾಪಾರದ ಪತ್ರಗಳು. ಲ್ಯಾಟಿನ್ ಪ್ರಾರ್ಥನೆಗಳು, ಅವೂ ರೂನಿನಲ್ಲೇ. 'ನನ್ನ ಪ್ರೀತಿಯೇ, ಮುತ್ತು ಕೊಡು' ಅಂತ ಒಂದು ಕಡ್ಡಿ. ಇನ್ನೊಂದು ಕಡ್ಡಿ ಇದೆ, ಅದು ಬಹಳ ಹೆಸರುವಾಸಿ: 'ನೀನು ಮನೆಗೆ ಹೋಗಬೇಕಂತೆ, ಗ್ಯೂದಾ ಹೇಳುತ್ತಿದ್ದಾಳೆ.' ಬಹುಶಃ ಹೆಂಡದಂಗಡಿಯಲ್ಲಿ ಕೂತವನಿಗೆ ಮನೆಯಿಂದ ಬಂದ ಸುದ್ದಿ. ಹಿಂದುಗಡೆ ಉತ್ತರ ಗೀಚುವುದಕ್ಕೆ ನೋಡಿದ್ದಾನೆ, ಅದನ್ನು ಓದಲಾಗುವುದಿಲ್ಲ. ಅಷ್ಟು ಕುಡಿದಿದ್ದನೇನೋ!

ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪದಲ್ಲಿ ಮೇಸ್‌ಹೌ ಎಂಬ ಐದು ಸಾವಿರ ವರ್ಷ ಹಳೆಯ ಸಮಾಧಿ ಇದೆ. 12ನೇ ಶತಮಾನದಲ್ಲಿ ಒಳಗೆ ನುಗ್ಗಿದ ನಾರ್ವೆ ಕಡೆಯವರು ಗೋಡೆ ಮೇಲೆ ಮೂವತ್ತರಷ್ಟು ಬರಹ ಗೀಚಿದ್ದಾರೆ. ಅದರಲ್ಲೊಬ್ಬನ ಜಂಬ ನೋಡಿ: 'ಪಶ್ಚಿಮ ಸಮುದ್ರದಲ್ಲೇ ರೂನ್ ಬಲ್ಲ ಅತಿ ನಿಪುಣ ಇದನ್ನು ಕೆತ್ತಿದ.' ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಮಹಡಿಯ ಅಮೃತಶಿಲೆಯ ಮೇಲೆ ಹಾಲ್ಫ್‌ದಾನ್ ಎಂಬುವನ ಹೆಸರು ಇನ್ನೂ ಓದಲು ಸಿಗುತ್ತದೆ. ಹಂಪಿಯ ಗೋಡೆ ಮೇಲೆ ಹೃದಯ ಬರೆದು ಹೆಸರು ಕೆತ್ತುವ ನಮ್ಮ ಹುಡುಗರ ಮುತ್ತಜ್ಜ.

ಹಾಗಾದರೆ ರೂನಿಗೂ ಮಾಟಮಂತ್ರಕ್ಕೂ ಸಂಬಂಧವೇ ಇರಲಿಲ್ವಾ?

ಇತ್ತು. 'ಎಲ್ಲ ಸುಳ್ಳು' ಅಂತ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ, ಅದೂ ಸರಿಯಲ್ಲ. ಸ್ವೀಡನ್ನಿನ ದಕ್ಷಿಣದಲ್ಲಿ ಸಿಕ್ಕ ಲಿಂಡ್‌ಹೋಲ್ಮ್ ತಾಯಿತ ಒಂದು ಮೂಳೆಯ ತುಂಡು. ಅದರ ಮೇಲೆ ಎಂಟು ಸಲ ಸಾಲಾಗಿ 'ಅ', ಆಮೇಲೆ ಬೇರೆ ಅಕ್ಷರಗಳು ಮೂರು ಮೂರು ಸಲ, ಕೊನೆಗೆ 'ಅಲು' ಎಂಬ ಪದ. ಇದೇ 'ಅಲು' 5-6ನೇ ಶತಮಾನದ ಚಿನ್ನದ ಪದಕಗಳ ಮೇಲೂ ಬರುತ್ತದೆ. ಇದು ಪತ್ರ ಅಲ್ಲ, ಲೆಕ್ಕವೂ ಅಲ್ಲ.

ಸ್ವೀಡನ್ನಿನದೇ ಬ್ಲೆಕಿಂಗೆ ಸೀಮೆಯ ಬ್ಯೋರ್ಕೆತೋರ್ಪ್‌ನಲ್ಲಿ ನಾಲ್ಕು ಮೀಟರಿಗೂ ಎತ್ತರದ ಒಂದು ಕಲ್ಲು ನಿಂತಿದೆ. ಈ ಗುರುತನ್ನು ಕೆಡಿಸಿದವನಿಗೆ ಕೆಟ್ಟ ಸಾವು ಬರಲಿ ಅಂತ ಅದರಲ್ಲಿ ಶಾಪ. ಇದನ್ನು ತೋರಿಸಿ 'ನೋಡಿ, ರೂನಿನಲ್ಲಿ ಶಕ್ತಿ ಇದೆ' ಅನ್ನುತ್ತಾರೆ. ನಮ್ಮ ಕನ್ನಡ ಶಾಸನಗಳ ಕೊನೆಯಲ್ಲಿ ಏನಿರುತ್ತದೆ? ಈ ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಅಂತ ಇರುತ್ತದೆ. ಹಾಗಂತ ಹಳಗನ್ನಡ ಅಕ್ಷರಗಳೇ ಮಂತ್ರದ ಅಕ್ಷರಗಳು ಅನ್ನುತ್ತೇವಾ? ಶಾಪ ಇರೋದು ಮಾತಿನಲ್ಲಿ. ಅಕ್ಷರ ಅದನ್ನು ಹೊತ್ತುಕೊಂಡು ನಿಂತಿದೆ.

ಐಸ್‌ಲ್ಯಾಂಡಿನ 'ಎಗಿಲ್ ಸಾಗಾ' ಎಂಬ ಹಳೆಯ ಕಥೆಯಲ್ಲಿ ಒಂದು ಸೊಗಸಾದ ಪ್ರಸಂಗ ಬರುತ್ತದೆ. ಒಬ್ಬ ರೈತನ ಮಗಳು ಕಾಯಿಲೆ ಬಿದ್ದಿದ್ದಾಳೆ. ಎಗಿಲ್ ಹಾಸಿಗೆ ಎತ್ತಿ ನೋಡಿದರೆ ತಿಮಿಂಗಿಲದ ಮೂಳೆಯ ಮೇಲೆ ಯಾರೋ ಹುಡುಗ ಅರ್ಧಂಬರ್ಧ ರೂನ್ ಕೆತ್ತಿ ಇಟ್ಟಿದ್ದಾನೆ. ಎಗಿಲ್ ಅದನ್ನು ಹೆರೆದು ಬೆಂಕಿಗೆ ಹಾಕಿ, ಬೇರೆ ರೂನ್ ಕೆತ್ತಿ ದಿಂಬಿನ ಕೆಳಗಿಡುತ್ತಾನೆ, ಹುಡುಗಿ ಚೇತರಿಸಿಕೊಳ್ಳುತ್ತಾಳೆ. ಸರಿಯಾಗಿ ಓದಲು ಬಾರದವನು ರೂನ್ ಕೆತ್ತಬಾರದು ಅಂತ ಹಾಡುತ್ತಾನೆ. ಕಾಗುಣಿತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆದರಿಸುವ ಕಥೆ ನಾನು ಕೇಳಿಲ್ಲ.

ರೂನ್ ಎಸೆದು ಭವಿಷ್ಯ ಹೇಳೋದು ಹಳೆಯ ಪದ್ಧತಿ ತಾನೇ?

ಎಲ್ಲರೂ ತೋರಿಸುವ ಸಾಕ್ಷಿ ಒಂದೇ. ರೋಮನ್ ಲೇಖಕ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮಾನಿಕ್ ಜನರ ಬಗ್ಗೆ ಬರೆಯುತ್ತಾ, ಅವರು ಹಣ್ಣು ಕಾಯಿ ಬಿಡುವ ಮರದ ಕೊಂಬೆ ಕಡಿದು, ತುಂಡುಗಳ ಮೇಲೆ ಗುರುತು ಹಾಕಿ, ಬಿಳಿ ಬಟ್ಟೆ ಮೇಲೆ ಚೆಲ್ಲಿ, ಮೂರನ್ನು ಎತ್ತಿ ಶಕುನ ನೋಡುತ್ತಾರೆ ಅನ್ನುತ್ತಾನೆ. 'ಗುರುತು' ಅಂತ ಹೇಳಿದ್ದಾನೆಯೇ ಹೊರತು ಯಾವ ಗುರುತು ಅಂತ ಹೇಳಿಲ್ಲ. ಆ ಕಾಲದ್ದು ಎಂದು ಖಚಿತವಾಗಿ ಹೇಳಬಹುದಾದ ರೂನ್ ಬರಹ ಕೂಡ ಕೈಯಲ್ಲಿಲ್ಲ. ಶಕುನ ಕೇಳುತ್ತಿದ್ದರು, ನಿಜ. 24 ಕಲ್ಲು ಚೀಲದಲ್ಲಿ ಹಾಕಿ, ಒಂದು ಭೂತ, ಒಂದು ವರ್ತಮಾನ, ಒಂದು ಭವಿಷ್ಯ ಅಂತ ಸಾಲಾಗಿ ಇಡೋದು? ಅದು ಟ್ಯಾರೋ ಕಾರ್ಡಿನಿಂದ ಬಂದ ಅಭ್ಯಾಸ, 20ನೇ ಶತಮಾನದ್ದು. ತಲೆಕೆಳಗಾಗಿ ಬಿದ್ದರೆ ಕೆಟ್ಟದ್ದು ಅನ್ನೋದೂ ಹಾಗೇ. ಹಳೆಯ ಕೆತ್ತನೆಗಾರರು ಎಡದಿಂದ ಬಲಕ್ಕೂ ಬರೆಯುತ್ತಿದ್ದರು, ಬಲದಿಂದ ಎಡಕ್ಕೂ ಬರೆಯುತ್ತಿದ್ದರು, ಅಕ್ಷರ ಆಚೀಚೆ ತಿರುಗಿದರೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ.

ಇನ್ನು ನನ್ನ ಚೀಲದ ಖಾಲಿ ಕಲ್ಲು. ಅದರ ಹುಟ್ಟಿದ ವರ್ಷ 1982. ಅಮೆರಿಕದಲ್ಲಿ ಆ ವರ್ಷ ಬಂದು ಸಿಕ್ಕಾಪಟ್ಟೆ ಮಾರಾಟವಾದ ಒಂದು ಪುಸ್ತಕದ ಜೊತೆ ಅದು ಜನರ ಕೈಗೆ ಬಂತು. ನನ್ನ ಅಕ್ಕನಿಗಿಂತ ಚಿಕ್ಕದು ಆ 'ಪುರಾತನ' ರೂನ್. ಏನೂ ಬರೆಯದ ಕಲ್ಲನ್ನು ಅಕ್ಷರ ಅನ್ನೋದು ಹೇಗೆ ಅಂತ ನನಗಂತೂ ಇನ್ನೂ ಹೊಳೆದಿಲ್ಲ.

ನೀವು ರೂನ್ ಎಸೆದು ನೋಡಿ ಮನಸ್ಸಿಗೆ ಸಮಾಧಾನ ಕಂಡುಕೊಂಡರೆ ನನ್ನ ತಕರಾರಿಲ್ಲ. ನನ್ನ ಚೀಲವನ್ನೂ ನಾನು ಬಿಸಾಡಿಲ್ಲ. ವಯಸ್ಸು ಮಾತ್ರ ಸರಿಯಾಗಿ ಹೇಳಿ.

ಒಂದೊಂದು ರೂನಿಗೂ ಒಂದೊಂದು ಅರ್ಥ ಕೊಡುತ್ತಾರಲ್ಲ, ಅದು ಎಲ್ಲಿಂದ?

ಹೆಸರುಗಳು ನಿಜ. ಪ್ರತಿ ಅಕ್ಷರಕ್ಕೂ ಒಂದು ಹೆಸರಿತ್ತು: ದನ, ಆಲಿಕಲ್ಲು, ಮಂಜುಗಡ್ಡೆ, ಸೂರ್ಯ, ಹೀಗೆ. ಈ ಹೆಸರುಗಳನ್ನು ವಿವರಿಸುವ ಮೂರು ಹಾಡುಗಳು ಉಳಿದಿವೆ, ಇಂಗ್ಲೆಂಡಿನದು, ನಾರ್ವೆಯದು, ಐಸ್‌ಲ್ಯಾಂಡಿನದು. ಇಂಗ್ಲೆಂಡಿನ ಹಾಡಿನ ಹಸ್ತಪ್ರತಿ 1731ರ ಬೆಂಕಿಯಲ್ಲಿ ಸುಟ್ಟುಹೋಯಿತು, ಅದೃಷ್ಟಕ್ಕೆ 1705ರಲ್ಲೇ ಅಚ್ಚಾಗಿತ್ತು. ನಾರ್ವೆಯ ಹಾಡು ಶುರುವಾಗೋದು ಹೀಗೆ: ಹಣ ನೆಂಟರ ನಡುವೆ ಜಗಳ ತರುತ್ತದೆ, ತೋಳ ಕಾಡಿನಲ್ಲಿ ಬೆಳೆಯುತ್ತದೆ. ಆಸ್ತಿ ಭಾಗ ನೋಡಿದವರಿಗೆ ಬೇರೆ ವಿವರಣೆ ಬೇಡ. ಈಗಿನ ಪುಸ್ತಕಗಳಲ್ಲಿ ಅದೇ ರೂನಿಗೆ 'ಸಂಪತ್ತು ಒಲಿದು ಬರಲಿದೆ' ಅಂತ ಮಾತ್ರ ಇರುತ್ತದೆ.

ಆದರೆ 24 ಅಕ್ಷರದ ಹಳೆಯ ಸಾಲಿಗೆ ಇಂಥ ಹಾಡೇ ಇಲ್ಲ. 'ಫೆಹು', 'ತೀವಾಜ್' ಎಂಬ ರೂಪಗಳೂ ಆಮೇಲಿನ ಹೆಸರುಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಭಾಷಾ ಪಂಡಿತರು ಕಟ್ಟಿದ್ದು. ಲೆಕ್ಕ ಸರಿಯಾಗಿಯೇ ಇರಬಹುದು, ಆದರೆ ಲೆಕ್ಕ ಲೆಕ್ಕವೇ. 'ಪ' ಅಕ್ಷರದ ಹೆಸರು 'ಪೆಯೋರ್ಥ್', ಅದರ ಅರ್ಥ ಪಂಡಿತರಿಗೂ ಗೊತ್ತಿಲ್ಲ. ಇಂಗ್ಲೆಂಡಿನ ಹಾಡಿನಲ್ಲಿ ಅದು ಬಿಯರ್ ಕುಡಿಯುತ್ತಾ ಕೂತ ಯೋಧರ ಆಟ, ನಗು ಅಂತಿದೆ. ಅಂಗಡಿಯ ಚೀಟಿಯಲ್ಲಿ ಅದೇ ರೂನಿಗೆ ಗರ್ಭ, ವಿಧಿ, ಹುಟ್ಟು ಸಾವಿನ ರಹಸ್ಯ ಅಂತ ಅರ್ಧ ಪುಟ.

18 ರೂನ್‌ಗಳೇ ಮೂಲ ಅಂತ ಒಬ್ಬರು ಹೇಳಿದರು?

ಅವರ ಹತ್ತಿರ ಸ್ವಲ್ಪ ಹುಷಾರಾಗಿರಿ. 18ರ ಕಥೆ ವಿಯೆನ್ನಾದ ಗ್ವಿಡೊ ಫಾನ್ ಲಿಸ್ಟ್ ಎಂಬುವನದು. 1902ರಲ್ಲಿ ಅವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ತಿಂಗಳುಗಟ್ಟಲೆ ಕಣ್ಣಿಗೆ ಪಟ್ಟಿ. ಆ ಕತ್ತಲಲ್ಲಿ ತನಗೆ ರೂನಿನ ಗುಟ್ಟು ಹೊಳೆಯಿತು ಅಂದ. 'ಹಾವಮಾಲ್'ನಲ್ಲಿ ಓಡಿನ್ 18 ಮಂತ್ರ ಹೇಳುತ್ತಾನೆ, ಅದಕ್ಕೆ ಸರಿಹೊಂದುವಂತೆ 18 ರೂನ್ ಮಾಡಿದ. 24 ಇದ್ದ ಸಾಲು ಸಿಕ್ಕಿದೆ, 16 ಇದ್ದದ್ದು ಸಿಕ್ಕಿದೆ, ಅವನ 18ರ ಸಾಲು ಯಾವ ಹಳೆಯ ಕಲ್ಲಿನ ಮೇಲೂ ಇಲ್ಲ.

ಇದು ಬರೀ ಹುಚ್ಚಾಟವಾಗಿ ಉಳಿಯಲಿಲ್ಲ. ಲಿಸ್ಟ್ ಜನಾಂಗದ ಶ್ರೇಷ್ಠತೆಯ ಮಾತಾಡುವವನು. ಸೂರ್ಯ ಅಂತ ಹೆಸರಿದ್ದ 'ಸ' ಅಕ್ಷರಕ್ಕೆ ಅವನು 'ಗೆಲುವು' ಅಂತ ಅರ್ಥ ಅಂಟಿಸಿದ. ಅದೇ ಅಕ್ಷರ ಎರಡು ಸಲ ಪಕ್ಕಪಕ್ಕ ನಿಂತು ಹಿಟ್ಲರನ ಎಸ್‌ಎಸ್ ಪಡೆಯ ಗುರುತಾಯಿತು. ಮೇಲಕ್ಕೆ ಕವಲೊಡೆದ ಇನ್ನೊಂದು ರೂನ್ 'ಬದುಕು', ಅದನ್ನೇ ತಲೆಕೆಳಗು ಮಾಡಿದರೆ 'ಸಾವು' ಅನ್ನೋದೂ ಆ ಗುಂಪಿನ ಕೈವಾಡ. ಈಗಲೂ ಎಷ್ಟೋ ಪುಸ್ತಕಗಳು ಇದನ್ನೇ ಹಳೆಯ ಅರ್ಥ ಅಂತ ಅಚ್ಚು ಹಾಕುತ್ತಿವೆ.

ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತಿದ್ದೀನಿ. ವೈಕಿಂಗರ ದಿಕ್ಸೂಚಿ ಚೆನ್ನಾಗಿದೆ ಅಲ್ವಾ?

ಚಿತ್ರ ಚೆನ್ನಾಗಿದೆ. ಎಂಟು ಕೈ ಚಾಚಿದ ಆ ಗುರುತಿನ ಹೆಸರು 'ವೇಗ್‌ವೀಸಿರ್'. ಇದನ್ನು ಇಟ್ಟುಕೊಂಡವನು ಬಿರುಗಾಳಿಯಲ್ಲೂ ದಾರಿ ತಪ್ಪುವುದಿಲ್ಲ ಅಂತ ಬರೆದಿರುವುದು 1860ರ ಐಸ್‌ಲ್ಯಾಂಡಿನ ಒಂದು ಹಸ್ತಪ್ರತಿಯಲ್ಲಿ. ಕೊನೆಯ ವೈಕಿಂಗ್ ಹಡಗು ದಡ ಸೇರಿ ಎಂಟು ನೂರು ವರ್ಷ ಆಗಿತ್ತು. ಅದು ರೂನ್ ಕೂಡ ಅಲ್ಲ. ಚಿಕ್ಕಪ್ಪನ ಮಗಳಿಗೆ ಇದನ್ನು ಹೇಳಿದೆ. 'ಇರಲಿ ಬಿಡೋ, ನಂಗೆ ಇಷ್ಟ' ಅಂತ ಹಾಕಿಸಿಕೊಂಡಳು. ಸರಿ, ಅದು ಅವಳ ಕೈ.

ನಿಜವಾಗಿ ಯೋಚಿಸಬೇಕಾದದ್ದು ಬೇರೆ. ಎಸ್‌ಎಸ್ ಥರದ ಜೋಡಿ ರೂನ್ ಜರ್ಮನಿಯಲ್ಲಿ ಸಾರ್ವಜನಿಕವಾಗಿ ತೋರಿಸಿದರೆ ಅಪರಾಧ. 'ಓಥಲ' ಎಂಬ ಹಳೆಯ ಸಾಲಿನ ರೂನ್, ಅರ್ಥ ಪಿತ್ರಾರ್ಜಿತ ಜಮೀನು, ಅದನ್ನು ನವ ನಾತ್ಸಿಗಳು ಎತ್ತಿಕೊಂಡಿದ್ದಾರೆ. ಓದಲು ಬರೆಯಲು ಹಿಂಜರಿಯಬೇಡಿ, ಆದರೆ ಯುರೋಪಿನಲ್ಲಿ ಕೆಲಸ ಹುಡುಕುವವರು ಕುತ್ತಿಗೆ ಮೇಲೆ ಅದನ್ನು ಕೆತ್ತಿಸಿಕೊಳ್ಳುವ ಮೊದಲು ಎರಡು ಸಲ ನೋಡಿ.

ಸ್ವಸ್ತಿಕವೂ ರೂನ್ ಅಂತೆ?

ಅಲ್ಲ, ಅದಕ್ಕೆ ಯಾವ ಧ್ವನಿಯೂ ಇಲ್ಲ, ಫುಥಾರ್ಕ್ ಸಾಲಿನಲ್ಲೂ ಇಲ್ಲ. ಆದರೆ ರೂನ್ ಇರುವ ವಸ್ತುಗಳ ಪಕ್ಕದಲ್ಲಿ ಚಿತ್ರವಾಗಿ ಬರುತ್ತದೆ, ಡೆನ್ಮಾರ್ಕಿನ ಸ್ನೋಲ್ದೆಲೆವ್ ಕಲ್ಲಿನ ಮೇಲೆ ಇದೆ, ಚಿನ್ನದ ಪದಕಗಳ ಮೇಲೂ ಇದೆ.

ನನ್ನ ಹೆಸರನ್ನು ರೂನಿನಲ್ಲಿ ಬರೆಯೋದು ಹೇಗೆ?

ಮೊದಲು ಯಾವ ಫುಥಾರ್ಕ್ ಅಂತ ತೀರ್ಮಾನ ಮಾಡಿ. ಆಮೇಲೆ ಇಂಗ್ಲಿಷ್ ಸ್ಪೆಲಿಂಗ್ ಮರೆತು, ಧ್ವನಿ ನೋಡಿ ಬರೆಯಿರಿ. ಆನ್‌ಲೈನ್ ಪರಿವರ್ತಕಗಳು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ರೂನ್ ಕೂರಿಸುತ್ತವೆ, ಅದು ತಪ್ಪು. ಧ್ವನಿ ನೋಡಿ ಬರೆಯೋದು ಕನ್ನಡದವರಿಗೆ ಹುಟ್ಟಿನಿಂದ ಬಂದ ಅಭ್ಯಾಸ, ನಮಗೆ ಸುಲಭ.

16 ಅಕ್ಷರದ ಸಾಲು ತೆಗೆದುಕೊಂಡರೆ ಮಜಾ ಇದೆ. ಅದರಲ್ಲಿ ಗ ಇಲ್ಲ, ಕ ಅಕ್ಷರವೇ ಎರಡಕ್ಕೂ. ದ ಇಲ್ಲ, ಪ ಇಲ್ಲ. ಎ, ಒ ಕೂಡ ಇಲ್ಲ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ ಇರುವ ಹಾಗೆ. 'ದೀಪಾ ಗೌಡ' ಅಂತ ಬರೆಯಲು ಹೋದರೆ 'ತಿಬಾ ಕೌತ' ಆಗುತ್ತದೆ. ಇದು ತಪ್ಪಲ್ಲ, ಅವರೂ ಹೀಗೇ ಬರೆಯುತ್ತಿದ್ದರು. ಅನುಸ್ವಾರವನ್ನೂ ನುಂಗಿಬಿಡುತ್ತಿದ್ದರು. ಡೆನ್ಮಾರ್ಕಿನ ಯೆಲ್ಲಿಂಗ್‌ನಲ್ಲಿ ಹರಾಲ್ಡ್ ರಾಜ ಸುಮಾರು 965ರಲ್ಲಿ ನಿಲ್ಲಿಸಿದ ದೊಡ್ಡ ಕಲ್ಲಿನ ಮೇಲೆ ರಾಜ ಎಂಬ ಅರ್ಥದ 'ಕೊನುಂಗ್ರ್' ಪದವನ್ನು 'ಕುನುಕ್ರ್' ಅಂತ ಕೆತ್ತಿದ್ದಾರೆ. ಸ್ವತಃ ರಾಜನ ಕಲ್ಲಿನಲ್ಲೇ ಸೊನ್ನೆ ಇಲ್ಲ!

ಆ ಹರಾಲ್ಡ್‌ನ ಅಡ್ಡಹೆಸರು ನೀಲಿ ಹಲ್ಲು, ಅಂದರೆ ಬ್ಲೂಟೂತ್. ನಿಮ್ಮ ಫೋನಿನ ಬ್ಲೂಟೂತ್ ಗುರುತು ಅವನ ಹೆಸರಿನ ಹ ಮತ್ತು ಬ ರೂನ್‌ಗಳನ್ನು ಜೋಡಿಸಿ ಮಾಡಿದ್ದು. ಇಂಟರ್‌ನೆಟ್ಟಿನ ರೂನ್ ಕಥೆಗಳಲ್ಲಿ ಪೂರ್ತಿ ನಿಜವಾದ ಕೆಲವೇ ಕೆಲವಲ್ಲಿ ಇದೊಂದು.

ವೈಕಿಂಗರು ಅಮೆರಿಕದಲ್ಲಿ ರೂನ್ ಕಲ್ಲು ಬಿಟ್ಟುಹೋಗಿದ್ದಾರಂತೆ?

ಕೆನ್ಸಿಂಗ್ಟನ್ ಕಲ್ಲಿನ ವಿಷಯ. 1898ರಲ್ಲಿ ಮಿನೆಸೋಟದಲ್ಲಿ ಓಲೋಫ್ ಓಮಾನ್ ಎಂಬ ಸ್ವೀಡನ್ ಮೂಲದ ರೈತನ ಜಮೀನಿನಲ್ಲಿ ಸಿಕ್ಕಿತು. ಮೇಲೆ 1362ರ ಇಸವಿ. ರೂನ್ ಬಲ್ಲವರಲ್ಲಿ ಬಹುತೇಕ ಎಲ್ಲರೂ ಅದನ್ನು 19ನೇ ಶತಮಾನದ ಕೆತ್ತನೆ ಅನ್ನುತ್ತಾರೆ, ಭಾಷೆ ಆ ಕಾಲದ್ದಲ್ಲ. ಆ ಕಲ್ಲಿನ ವಿಚಿತ್ರ ರೂನ್‌ಗಳು ಸ್ವೀಡನ್ನಿನ ಒಬ್ಬ ದರ್ಜಿಯ 1880ರ ದಶಕದ ಟಿಪ್ಪಣಿ ಹಾಳೆಗಳಲ್ಲಿ ಸಿಕ್ಕಿವೆ. ನಾರ್ಡಿಕ್ ಜನ ಕೊಲಂಬಸ್‌ಗಿಂತ ಮುಂಚೆ ಅಮೆರಿಕ ಮುಟ್ಟಿದ್ದು ನಿಜ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಅವರ ಮನೆಗಳ ಅಡಿಪಾಯವೇ ಇದೆ. ಅದಕ್ಕೆ ಈ ಕಲ್ಲಿನ ಸಾಕ್ಷಿ ಬೇಕಿಲ್ಲ.

ಚರ್ಚು ರೂನನ್ನು ಬ್ಯಾನ್ ಮಾಡಿ ಅಳಿಸಿಹಾಕಿತು ಅನ್ನುತ್ತಾರೆ?

ಚರ್ಚಿನ ಗಂಟೆಗಳ ಮೇಲೆ, ದೀಕ್ಷಾಸ್ನಾನದ ತೊಟ್ಟಿಗಳ ಮೇಲೆ ರೂನ್ ಇದೆ. ಬ್ಯಾನ್ ಮಾಡಿದವರು ಅಲ್ಲಿ ಕೆತ್ತಿಸುತ್ತಾರಾ? ಲ್ಯಾಟಿನ್ ಅಕ್ಷರ ನಿಧಾನವಾಗಿ ಜಾಗ ತೆಗೆದುಕೊಂಡಿತು, ಅಷ್ಟೇ. ಸ್ವೀಡನ್ನಿನ ದಾಲಾರ್ನಾ ಸೀಮೆಯ ಎಲ್ವ್‌ದಾಲೆನ್ ಕಡೆ ರೈತರು 19ನೇ ಶತಮಾನದವರೆಗೂ ರೂನಿನ ಒಂದು ರೂಪ ಬರೆಯುತ್ತಿದ್ದರು. ಇದಕ್ಕೆ ಹೊರತಾದ ಕೆಟ್ಟ ಕಾಲವೂ ಇತ್ತು. ಐಸ್‌ಲ್ಯಾಂಡಿನಲ್ಲಿ 17ನೇ ಶತಮಾನದ ಮಾಟಗಾರರ ಬೇಟೆಯಲ್ಲಿ ಮನೆಯಲ್ಲಿ ರೂನ್ ಹಾಳೆ ಸಿಕ್ಕಿದ್ದೇ ಸಾಕ್ಷಿಯಾಗಿ 1625ರಲ್ಲಿ ಒಬ್ಬನನ್ನು ಸುಟ್ಟರು.

ಶಾಂತಿಯ ಗುರುತು ಅಂದರೆ ತಲೆಕೆಳಗಾದ ಸಾವಿನ ರೂನಾ?

ಅಲ್ಲ. 1958ರಲ್ಲಿ ಬ್ರಿಟನ್ನಿನಲ್ಲಿ ಅಣ್ವಸ್ತ್ರ ವಿರೋಧಿ ಮೆರವಣಿಗೆಗೆ ಮಾಡಿದ್ದು. ಬಾವುಟದ ಸಂಕೇತ ಭಾಷೆಯ ಎನ್ ಮತ್ತು ಡಿ, ಅಂದರೆ 'ನ್ಯೂಕ್ಲಿಯರ್ ಡಿಸ್‌ಆರ್ಮಮೆಂಟ್' (ಅಣ್ವಸ್ತ್ರ ತ್ಯಾಗ).

ಸರಿ, ಕಲಿಯಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

16 ಅಕ್ಷರದ ಸಾಲಿನಿಂದ. ಒಂದು ಭಾನುವಾರ ಕೂತರೆ ಬಾಯಿಪಾಠ ಆಗುತ್ತದೆ. ಅರ್ಥದ ಪುಸ್ತಕ ಮುಟ್ಟಬೇಡಿ, ಅಕ್ಷರದ ಪಟ್ಟಿ ಸಾಕು. ಆಮೇಲೆ ಯಾವುದಾದರೂ ಉಪ್‌ಲಾಂಡ್ ಕಲ್ಲಿನ ಫೋಟೊ ತೆಗೆದುಕೊಂಡು ಹಾವಿನ ತಲೆಯಿಂದ ಓದುತ್ತಾ ಬನ್ನಿ. 'ಸ್ತೈನ್' ಅಂತ ಸಿಕ್ಕರೆ ಕಲ್ಲು, 'ಸುನ್' ಅಂದರೆ ಮಗ, 'ಫಾದುರ್' ಅಂದರೆ ತಂದೆ. ಹತ್ತು ಪದ ಗೊತ್ತಿದ್ದರೆ ಅರ್ಧ ಕಲ್ಲುಗಳನ್ನು ತಡವರಿಸುತ್ತಾ ಓದಬಹುದು. ಕೆಂಪು ಬಣ್ಣ ನೋಡಿ ಹಳೆಯದು ಅಂದುಕೊಳ್ಳಬೇಡಿ, ಓದಲು ಅನುಕೂಲವಾಗಲಿ ಅಂತ ಈಗಿನವರು ತುಂಬಿದ್ದು. ಹಿಂದೆಯೂ ಬಣ್ಣ ಹಾಕುತ್ತಿದ್ದರು ಅನ್ನೋದು ಬೇರೆ ಮಾತು.

ಲಂಡನ್ನಿನಲ್ಲಿರುವ ಕನ್ನಡದವರಿಗೆ ಇನ್ನೂ ಸುಲಭ. ಬ್ರಿಟಿಷ್ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಒಳಗೆ ಫ್ರಾಂಕ್ಸ್ ಪೆಟ್ಟಿಗೆ ಅಂತ ಒಂದು ತಿಮಿಂಗಿಲ ಮೂಳೆಯ ಪೆಟ್ಟಿಗೆ ಇದೆ, 8ನೇ ಶತಮಾನದ್ದು. ನಮ್ಮ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಮುಂಭಾಗದ ಎಡಕ್ಕೆ ಅವರ ಪುರಾಣದ ಕಮ್ಮಾರ ವೇಲಂಡ್, ಬಲಕ್ಕೆ ಮಗು ಯೇಸುವನ್ನು ನೋಡಲು ಕಾಣಿಕೆ ಹಿಡಿದು ಬಂದ ಜ್ಞಾನಿಗಳು. ಹಳೆಯ ಕಥೆ, ಹೊಸ ದೇವರು, ಎರಡೂ ಒಂದೇ ಹಲಗೆಯ ಮೇಲೆ. ಜ್ಞಾನಿಗಳ ತಲೆ ಮೇಲೆ ಒಂದು ಚಿಕ್ಕ ಪಟ್ಟಿಯಲ್ಲಿ ನಾಲ್ಕೇ ರೂನ್ ಇವೆ. ಗಾಜಿಗೆ ಮೂಗು ತಾಗಿಸಿ ಒಂದೊಂದೇ ಕೂಡಿಸಿ ಓದಿ: ಮ, ಆ್ಯ, ಗ, ಇ. 'ಮ್ಯಾಗಿ'.